ವಾಕ್ ಸ್ವಾತಂತ್ರ್ಯ ಮತ್ತು ಮುಸ್ಲಿಂ ಸಮುದಾಯದ ನಿಲುವುಗಳು

ಪ್ರಶ್ನೆಯ ಸ್ವರೂಪ

ವ್ಯಕ್ತಿಯೊಬ್ಬನು ತನ್ನ ಅಭಿಪ್ರಾಯವನ್ನು ದಂಡನೆಯ ಭಯವಿಲ್ಲದೆ ಮಾತು, ಬರಹ, ಚಿತ್ರ ಅಥವಾ ಅಭಿನಯದ ಮೂಲಕ ಪ್ರಕಟಿಸುವ ಹಕ್ಕನ್ನು ವಾಕ್ ಸ್ವಾತಂತ್ರ್ಯ ಅಥವಾ ಅಭಿವ್ಯಕ್ತಿ ಸ್ವಾತಂತ್ರ್ಯ ಎನ್ನಲಾಗುತ್ತದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 19ನೆಯ ವಿಧಿ ಈ ಹಕ್ಕನ್ನು ಸಾರುತ್ತದೆ. ಭಾರತದ ಸಂವಿಧಾನದಲ್ಲಿಯೂ ಇದು 19ನೆಯ ವಿಧಿಯಲ್ಲಿಯೇ ಇದೆ. ಅಂಕಿ ಒಂದೇ ಆದರೂ ಎರಡರ ವ್ಯಾಪ್ತಿ ಒಂದೇ ಅಲ್ಲ.

ಧರ್ಮವನ್ನು ಟೀಕಿಸುವ, ಲೇವಡಿ ಮಾಡುವ ಹಕ್ಕೂ ಇದರಲ್ಲಿ ಸೇರುತ್ತದೆಯೇ ಎಂಬುದು ಹಳೆಯ ಪ್ರಶ್ನೆ. 1988ರಲ್ಲಿ ಸಲ್ಮಾನ್ ರಶ್ದಿ ಅವರ ‘ದಿ ಸಟಾನಿಕ್ ವರ್ಸಸ್’ ಕಾದಂಬರಿ ಪ್ರಕಟವಾದ ಮೇಲೆ ಈ ಪ್ರಶ್ನೆಯನ್ನು ಪಶ್ಚಿಮದ ದೇಶಗಳಲ್ಲಿ ‘ಮುಸ್ಲಿಮರು ಮತ್ತು ವಾಕ್ ಸ್ವಾತಂತ್ರ್ಯ’ ಎಂದೇ ಚರ್ಚಿಸುವ ರೂಢಿ ಬಂದಿತು. ಆದರೆ ಮುಸ್ಲಿಮರೆಲ್ಲರಿಗೂ ಸೇರಿ ಒಂದೇ ನಿಲುವು ಎಂಬುದು ಎಲ್ಲಿಯೂ ಕಂಡುಬಂದಿಲ್ಲ. ಅವರು ಯಾವ ದೇಶದ ಕಾನೂನಿನ ಅಡಿಯಲ್ಲಿ ಬಾಳುತ್ತಾರೆ, ಆ ಕಾನೂನು ನೆರೆಯ ಧರ್ಮಕ್ಕೆ ಏನನ್ನು ಕೊಟ್ಟಿದೆ ಎಂಬುದರ ಮೇಲೆ ಅವರ ಬೇಡಿಕೆ ರೂಪುಗೊಳ್ಳುತ್ತದೆ. ಕರ್ನಾಟಕದ ಅನುಭವವನ್ನು ಪಶ್ಚಿಮದ ಅನುಭವದ ಪಕ್ಕದಲ್ಲಿಟ್ಟು ನೋಡಿದಾಗ ಈ ಮಾತು ಸ್ಪಷ್ಟವಾಗುತ್ತದೆ.

ಪೈಗಂಬರರ ಮೇಲಿನ ಪ್ರೀತಿ

ವಿಜಯಪುರದ ಅರಕಿಲ್ಲೆಯ ಪೂರ್ವದಲ್ಲಿ, ದೊಡ್ಡ ಹೊಂಡವೊಂದರ ಎದುರಿಗೆ, ಅಸರ್ ಮಹಲ್ ನಿಂತಿದೆ. ಮುಹಮ್ಮದ್ ಆದಿಲ್‌ಶಾಹನು 1646ರ ಸುಮಾರಿಗೆ ನ್ಯಾಯಸಭೆಯಾಗಿ ಕಟ್ಟಿಸಿದ ಈ ಭವನದಲ್ಲಿ ಮುಂದೆ ಪ್ರವಾದಿ ಮುಹಮ್ಮದರ ಗಡ್ಡದ ಕೂದಲೆಂದು ನಂಬಲಾದ ಪವಿತ್ರಾವಶೇಷವನ್ನು ಇರಿಸಲಾಯಿತು. ಪ್ರವಾದಿಯವರನ್ನು ಈ ಸೀಮೆಯ ಆಡುಮಾತು ಪೈಗಂಬರರು ಎನ್ನುತ್ತದೆ. ಜೋರಾಪುರ ಪೇಟೆಯಂಥ ಹಳೆಯ ಪೇಟೆಗಳಿಂದ ತಿಕೋಟಾ, ಬಬಲೇಶ್ವರದ ಹಳ್ಳಿಗಳವರೆಗೆ ಪೈಗಂಬರರ ಮನೆತನದ ಕಥೆ ಮೊಹರಮ್ಮಿನ ರಿವಾಯತ ಪದಗಳಾಗಿ ಕನ್ನಡದಲ್ಲಿಯೇ ಕೇಳಿಬರುತ್ತದೆ. ಅವನ್ನು ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ.

ಪ್ರವಾದಿಯವರ ನಿಂದೆ ಏಕೆ ಇಷ್ಟು ನೋಯಿಸುತ್ತದೆ ಎಂಬುದಕ್ಕೆ ಉತ್ತರ ಈ ಪ್ರೀತಿಯಲ್ಲಿದೆ. ಸಾಮಾನ್ಯ ಮುಸ್ಲಿಮನಿಗೆ ಪ್ರವಾದಿಯವರು ತರ್ಕದಿಂದ ಸಮರ್ಥಿಸಬೇಕಾದ ಸಿದ್ಧಾಂತವಲ್ಲ, ತಂದೆತಾಯಿಗಿಂತ ಹತ್ತಿರದ ಹಿರಿಯರು. ಅವರ ಹೀಯಾಳಿಕೆ ಅವನಿಗೆ ಮತದ ವಿಮರ್ಶೆಯಂತೆ ಕೇಳಿಸುವುದಿಲ್ಲ, ಮನೆಯ ಹಿರಿಯರಿಗೆ ಆಡಿದ ಬೈಗುಳದಂತೆ ಕೇಳಿಸುತ್ತದೆ.

ಚಿತ್ರದ ವಿಷಯ ಇನ್ನಷ್ಟು ಜಟಿಲ. ಪ್ರವಾದಿಯವರ ಚಿತ್ರ ಬರೆಯಬಾರದೆಂಬ ನಿಷೇಧ ಇಂದು ಬಹುಮಟ್ಟಿಗೆ ಮಾನ್ಯವಾಗಿದೆ. ಆದರೂ 14ನೆಯ ಶತಮಾನದ ಆದಿಭಾಗದಲ್ಲಿ ಇರಾನಿನಲ್ಲಿ ರಶೀದುದ್ದೀನನು ಸಿದ್ಧಪಡಿಸಿದ ‘ಜಾಮಿಉತ್ ತವಾರೀಖ್’ ಎಂಬ ವಿಶ್ವಚರಿತ್ರೆಯ ಹಸ್ತಪ್ರತಿಯಲ್ಲಿ ಪ್ರವಾದಿಯವರ ಚಿತ್ರಗಳಿವೆ. ಆ ಹಸ್ತಪ್ರತಿಯ ಒಂದು ಭಾಗ ಈಗ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದೆ. ಪವಿತ್ರಾವಶೇಷವಿರುವ ಅಸರ್ ಮಹಲ್ಲಿನ ಮೇಲಂತಸ್ತಿನ ಗೋಡೆಗಳಲ್ಲಿಯೂ ಮನುಷ್ಯಾಕೃತಿಗಳ ವರ್ಣಚಿತ್ರಗಳಿದ್ದವು. ಅವು ಇಂದು ಬಹಳ ಹಾಳಾಗಿವೆ.

ಅರಸನ ಹಾಡು, ಸೂಫಿಯ ಆಕ್ಷೇಪ

1580ರಿಂದ 1627ರವರೆಗೆ ಬಿಜಾಪುರವನ್ನು (ಇಂದಿನ ವಿಜಯಪುರ) ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಗೀತಸಂಕಲನವನ್ನು ರಚಿಸಿದನು. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯೂ ಇದೆ. ಜನ ಅವನನ್ನು ಜಗದ್ಗುರು ಎಂದು ಕರೆದರು. ಎಲ್ಲರಿಗೂ ಇದು ಒಪ್ಪಿಗೆಯಾಗಿರಲಿಲ್ಲ. ಶಾಹ ಸಿಬ್ಗತುಲ್ಲಾ ಎಂಬ ಸೂಫಿ ಗುರು ಅರಸನ ಈ ಧೋರಣೆಯನ್ನು ವಿರೋಧಿಸಿದರು. ಕೊನೆಗೆ ಅವರು ಬಿಜಾಪುರವನ್ನು ತೊರೆದು ಮದೀನಾದಲ್ಲಿ ನೆಲೆಸಿದರು. ಅರಸನ ಕಲ್ಪನಾಸ್ವಾತಂತ್ರ್ಯವೂ ಸಂತನ ಆಕ್ಷೇಪವೂ ಒಂದೇ ಕೋಟೆಯೊಳಗೆ, ಒಂದೇ ಧರ್ಮದವರ ನಡುವೆ ಎದುರುಬದುರಾದವು. ಊರು ಬಿಡಬೇಕಾದವರು ಆಕ್ಷೇಪಿಸಿದವರು ಎಂಬುದನ್ನೂ ಗಮನಿಸಬೇಕು, ಏಕೆಂದರೆ ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಊರು ಬಿಡುವವನು ಕವಿ.

ಶಾಸ್ತ್ರದ ಮಾತು ಮತ್ತು ಫತ್ವಾ

ಪ್ರವಾದಿನಿಂದೆಗೆ ಕಠಿಣ ಶಿಕ್ಷೆಯನ್ನು ಹೇಳಿದವರು ಮಧ್ಯಯುಗದ ಧರ್ಮಶಾಸ್ತ್ರಕಾರರು. ನಿಂದಕನು ಮುಸ್ಲಿಮನೋ ಅಲ್ಲವೋ, ಪಶ್ಚಾತ್ತಾಪಪಟ್ಟರೆ ಕ್ಷಮೆಯುಂಟೇ ಎಂಬ ವಿಷಯಗಳಲ್ಲಿ ಅವರ ಪಂಥಗಳ ನಡುವೆಯೇ ಭಿನ್ನಮತವಿದೆ. ಕುರಾನ್ ಇಂಥ ನಿಂದೆಗೆ ಇಹಲೋಕದ ಶಿಕ್ಷೆಯನ್ನು ವಿಧಿಸಿಲ್ಲವೆಂದು ವಾದಿಸುವ ಆಧುನಿಕ ವಿದ್ವಾಂಸರೂ ಇದ್ದಾರೆ.

ಫತ್ವಾ ಎಂಬ ಪದದಷ್ಟು ಅಪಾರ್ಥಕ್ಕೆ ಈಡಾದ ಪದ ಈ ಚರ್ಚೆಯಲ್ಲಿ ಇನ್ನೊಂದಿಲ್ಲ. ಫತ್ವಾ ಎಂದರೆ ಕೇಳಿದ ಪ್ರಶ್ನೆಗೆ ಧರ್ಮಶಾಸ್ತ್ರಜ್ಞನು ಕೊಡುವ ಅಭಿಪ್ರಾಯ. ಆಸ್ತಿಯ ಪಾಲು, ಉಪವಾಸದ ನಿಯಮ, ಬ್ಯಾಂಕಿನ ಬಡ್ಡಿ ಇವುಗಳ ಕುರಿತು ದಿನನಿತ್ಯ ಫತ್ವಾಗಳು ಹೊರಡುತ್ತವೆ. 1989ರ ಫೆಬ್ರುವರಿ 14ರಂದು ಇರಾನಿನ ಆಯತುಲ್ಲಾ ಖೊಮೇನಿ ಅವರು ರಶ್ದಿಯವರ ಹತ್ಯೆಗೆ ಕರೆಕೊಟ್ಟ ಮೇಲೆ, ಜಗತ್ತಿನ ಕಿವಿಯಲ್ಲಿ ಫತ್ವಾ ಎಂದರೆ ಮರಣದಂಡನೆ ಎಂಬ ಅರ್ಥ ನಿಂತುಬಿಟ್ಟಿತು. ಆ ಕರೆಯನ್ನು ಖಂಡಿಸಿದ ಮುಸ್ಲಿಂ ಲೇಖಕರೂ ಇದ್ದರು. ಈಜಿಪ್ಟಿನ ನೊಬೆಲ್ ಪುರಸ್ಕೃತ ಕಾದಂಬರಿಕಾರ ನಗೀಬ್ ಮಹಫೂಜ್ ಅವರಲ್ಲೊಬ್ಬರು. 1994ರಲ್ಲಿ ಕೈರೋದಲ್ಲಿ ಮತಾಂಧನೊಬ್ಬ ಅವರ ಕುತ್ತಿಗೆಗೇ ಇರಿದನು. ರಶ್ದಿಯವರ ಮೇಲೆ ಅಮೆರಿಕದಲ್ಲಿ ಚಾಕುವಿನ ದಾಳಿ ನಡೆದದ್ದು 2022ರ ಆಗಸ್ಟ್ 12ರಂದು.

ಪಶ್ಚಿಮದ ಕಾನೂನುಗಳು

ಪಶ್ಚಿಮ ಎಂಬುದು ಒಂದೇ ಕಾನೂನಿನ ನಾಡಲ್ಲ. ಬ್ರಿಟನ್ನಿನಲ್ಲಿ ಧರ್ಮನಿಂದೆಯು ಬಹುಕಾಲದಿಂದ ಅಪರಾಧವಾಗಿತ್ತು. 1977ರಲ್ಲಿಯೂ ಯೇಸುವಿನ ಕುರಿತ ಕವಿತೆಯೊಂದಕ್ಕಾಗಿ ಪತ್ರಿಕೆಯೊಂದಕ್ಕೆ ಅಲ್ಲಿ ಶಿಕ್ಷೆಯಾಗಿತ್ತು. 1989ರ ಜನವರಿಯಲ್ಲಿ ಬ್ರಾಡ್‌ಫರ್ಡಿನಲ್ಲಿ ರಶ್ದಿಯವರ ಪುಸ್ತಕವನ್ನು ಸುಟ್ಟವರು ಕೇಳಿದ್ದು ಇದೇ ರಕ್ಷಣೆಯನ್ನು. ಹೊಸದನ್ನೇನೂ ಅವರು ಬೇಡಲಿಲ್ಲ, ಕ್ರೈಸ್ತರಿಗೆ ಇರುವುದನ್ನು ತಮಗೂ ವಿಸ್ತರಿಸಿ ಎಂದರು. ಈ ಕಾನೂನು ಕ್ರೈಸ್ತಧರ್ಮವನ್ನು ಮಾತ್ರ ರಕ್ಷಿಸುತ್ತದೆ ಎಂದು ನ್ಯಾಯಾಲಯ 1990ರಲ್ಲಿ ತೀರ್ಪಿತ್ತಿತು. ಮುಂದೆ 2008ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಆ ಅಪರಾಧವನ್ನೇ ರದ್ದುಪಡಿಸಲಾಯಿತು. ಅಲ್ಲಿಗೆ ಸಮಾನತೆ ಬಂದಿತು, ಕೇಳಿದ ದಿಕ್ಕಿನಿಂದಲ್ಲದಿದ್ದರೂ.

ಫ್ರಾನ್ಸಿನಲ್ಲಿ ದೇವರನ್ನು ನಿಂದಿಸುವುದು ಅಪರಾಧವಲ್ಲ, ಧರ್ಮದ ಕಾರಣಕ್ಕಾಗಿ ಮನುಷ್ಯರನ್ನು ನಿಂದಿಸುವುದು ಅಪರಾಧ. ಆದುದರಿಂದ ಅಲ್ಲಿನ ಮುಸ್ಲಿಂ ಸಂಸ್ಥೆಗಳು ತಮ್ಮ ವಾದವನ್ನು ಈ ಅಳತೆಗೆ ಹೊಲಿಸಿಕೊಂಡವು. ಡೆನ್ಮಾರ್ಕಿನ ಯೂಲಾಂಡ್ಸ್ ಪೋಸ್ಟನ್ ಪತ್ರಿಕೆ 2005ರ ಸೆಪ್ಟೆಂಬರ್ 30ರಂದು ಪ್ರಕಟಿಸಿದ 12 ವ್ಯಂಗ್ಯಚಿತ್ರಗಳನ್ನು ಶಾರ್ಲಿ ಎಬ್ದೋ ವಾರಪತ್ರಿಕೆ 2006ರಲ್ಲಿ ಮರುಮುದ್ರಿಸಿತು. ಪ್ಯಾರಿಸಿನ ದೊಡ್ಡ ಮಸೀದಿಯ ಆಡಳಿತವು ನ್ಯಾಯಾಲಯಕ್ಕೆ ಹೋಯಿತು. ಚಿತ್ರಗಳು ಎಲ್ಲ ಮುಸ್ಲಿಮರನ್ನು ಭಯೋತ್ಪಾದಕರೆಂದು ಬಿಂಬಿಸುತ್ತವೆ ಎಂಬುದು ಅದರ ವಾದ. 2007ರ ಮಾರ್ಚಿನಲ್ಲಿ ಪತ್ರಿಕೆ ಖುಲಾಸೆಯಾಯಿತು, ಅದರ ವಿರುದ್ಧ ಮೇಲ್ಮನವಿಯೂ ಸಲ್ಲಿಕೆಯಾಯಿತು. ವಿವಾದವು ಕಾನೂನಿನ ದಾರಿಯಲ್ಲಿ ನಡೆದ ಈ ಭಾಗ ಯಾರ ನೆನಪಿನಲ್ಲಿಯೂ ಉಳಿದಿಲ್ಲ. ಉಳಿದಿರುವುದು 2015ರ ಜನವರಿ 7. ಅಂದು ಇಬ್ಬರು ಬಂದೂಕುಧಾರಿಗಳು ಪತ್ರಿಕೆಯ ಕಚೇರಿಗೆ ನುಗ್ಗಿ ನಡೆಸಿದ ದಾಳಿಯಲ್ಲಿ 12 ಮಂದಿ ಸತ್ತರು. ಅವರಲ್ಲಿ ರಸ್ತೆಯಲ್ಲಿ ಕರ್ತವ್ಯದಲ್ಲಿದ್ದ ಪೊಲೀಸ್ ಅಹ್ಮದ್ ಮೆರಾಬೆ ಒಬ್ಬನು. ಅವನು ಮುಸ್ಲಿಮ.

ಮುಂದಿನ ತಿಂಗಳು ಬಿಬಿಸಿಗಾಗಿ ಬ್ರಿಟನ್ನಿನ 1,000 ಮುಸ್ಲಿಮರ ನಡುವೆ ನಡೆಸಿದ ಸಮೀಕ್ಷೆ ಪ್ರಕಟವಾಯಿತು. ಪ್ರವಾದಿಯವರ ಚಿತ್ರ ಪ್ರಕಟವಾದರೆ ತಮಗೆ ತೀವ್ರ ನೋವಾಗುತ್ತದೆ ಎಂದವರು ಶೇ. 78. ಅಂಥ ಚಿತ್ರ ಪ್ರಕಟಿಸಿದವರ ಮೇಲಿನ ಹಿಂಸೆಯನ್ನು ಎಂದಿಗೂ ಸಮರ್ಥಿಸಲಾಗದು ಎಂದವರು ಶೇ. 68, ಈ ಮಾತನ್ನು ಒಪ್ಪದವರು ಶೇ. 24. ನೋವಾಗುವುದು ಬೇರೆ, ಕೈಯೆತ್ತುವುದು ಬೇರೆ ಎಂಬ ವಿವೇಕ ಬಹುಸಂಖ್ಯಾತರಲ್ಲಿದೆ ಎಂದು ಇದರಿಂದ ತಿಳಿಯುತ್ತದೆ. ಕೊನೆಯ ಅಂಕಿಯೂ ಕಡೆಗಣಿಸುವಂಥದಲ್ಲ.

ಅಮೆರಿಕದಲ್ಲಿ 1791ರ ಮೊದಲ ತಿದ್ದುಪಡಿಯು ಧರ್ಮನಿಂದೆಯನ್ನು ಶಿಕ್ಷಿಸಲು ಸರಕಾರಕ್ಕೆ ಬಹುತೇಕ ಅವಕಾಶವನ್ನೇ ಇಟ್ಟಿಲ್ಲ. ಆದುದರಿಂದ ಅಲ್ಲಿನ ಮುಸ್ಲಿಮರು ನ್ಯಾಯಾಲಯಕ್ಕೆ ಹೋಗುವುದು ಹೆಚ್ಚಾಗಿ ತಮ್ಮ ಆಚರಣೆಯ ಸ್ವಾತಂತ್ರ್ಯಕ್ಕಾಗಿ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎರಡು ಪ್ರಕರಣಗಳಲ್ಲಿ ಮುಸ್ಲಿಮರ ಪರ ತೀರ್ಪು ನೀಡಿತು. ಒಂದು, ಗಡ್ಡ ಬಿಡಲು ಅನುಮತಿ ಕೇಳಿದ ಕೈದಿಯದು. ಇನ್ನೊಂದು, ತಲೆವಸ್ತ್ರದ ಕಾರಣಕ್ಕೆ ಬಟ್ಟೆ ಅಂಗಡಿಯಲ್ಲಿ ಕೆಲಸ ತಪ್ಪಿದ ಯುವತಿಯದು. 2022ರ ಅಕ್ಟೋಬರಿನಲ್ಲಿ ಮಿನೆಸೊಟಾ ರಾಜ್ಯದ ಹ್ಯಾಮ್ಲಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸದ ತರಗತಿಯಲ್ಲಿ ಮೇಲೆ ಹೇಳಿದ ರಶೀದುದ್ದೀನನ ಗ್ರಂಥದ ಚಿತ್ರವನ್ನೇ ತೋರಿಸಲಾಯಿತು. ಮುಸ್ಲಿಂ ವಿದ್ಯಾರ್ಥಿನಿಯೊಬ್ಬಳು ಆಕ್ಷೇಪಿಸಿದಳು, ಅಧ್ಯಾಪಕಿಗೆ ಮುಂದಿನ ಅವಧಿಯ ಕೆಲಸ ದೊರೆಯಲಿಲ್ಲ. ಆಗ ಅಮೆರಿಕದ ಮುಸ್ಲಿಂ ಸಂಘಟನೆಗಳೇ ಎರಡು ಪಾಲಾದವು. ಒಂದು ಸಂಘಟನೆಯ ರಾಜ್ಯಘಟಕ ಅಧ್ಯಾಪಕಿಯನ್ನು ಖಂಡಿಸಿತು. ಅದೇ ಸಂಘಟನೆಯ ಕೇಂದ್ರ ಕಚೇರಿ ಅದರಲ್ಲಿ ದ್ವೇಷವೇನೂ ಕಾಣದು ಎಂದಿತು.

ಡೆನ್ಮಾರ್ಕಿನ ಕಥೆ ಉಲ್ಟಾ ದಿಕ್ಕಿನದು. ಆ ದೇಶ 2017ರಲ್ಲಿ ಧರ್ಮನಿಂದೆಯ ಹಳೆಯ ಕಾನೂನನ್ನು ತೆಗೆದುಹಾಕಿತು. 2023ರಲ್ಲಿ ಕುರಾನ್ ಸುಡುವ ಪ್ರಕರಣಗಳು ಹೆಚ್ಚಿದಾಗ, ಧರ್ಮಗ್ರಂಥಗಳನ್ನು ಸಾರ್ವಜನಿಕವಾಗಿ ಅವಮಾನಿಸುವುದರ ವಿರುದ್ಧ ಅದೇ ವರ್ಷದ ಡಿಸೆಂಬರಿನಲ್ಲಿ ಹೊಸ ಕಾನೂನನ್ನು ಅಂಗೀಕರಿಸಿತು.

ಭಾರತದ ದಾರಿ

1924ರಲ್ಲಿ ಲಾಹೋರಿನಲ್ಲಿ ಪ್ರವಾದಿಯವರ ಖಾಸಗಿ ಬದುಕನ್ನು ಕುರಿತ ‘ರಂಗೀಲಾ ರಸೂಲ್’ ಎಂಬ ಕಿರುಹೊತ್ತಗೆ ಪ್ರಕಟವಾಯಿತು. ಸತ್ತವರ ನಿಂದೆಯು ಆಗಿನ ಕಾನೂನಿನಲ್ಲಿ ಅಪರಾಧವಾಗದೆಂದು ಹೈಕೋರ್ಟ್ 1927ರಲ್ಲಿ ಪ್ರಕಾಶಕ ರಾಜಪಾಲ್ ಅವರನ್ನು ಬಿಡುಗಡೆ ಮಾಡಿತು. ಈ ತೆರವನ್ನು ತುಂಬಲು ಅದೇ ವರ್ಷ ದಂಡಸಂಹಿತೆಗೆ 295-ಎ ಕಲಮು ಸೇರಿತು. ಮಸೂದೆಯ ಚರ್ಚೆಯಲ್ಲಿ ಮುಹಮ್ಮದ್ ಅಲಿ ಜಿನ್ನಾ ಅವರು ಪ್ರಾಮಾಣಿಕ ಧರ್ಮವಿಮರ್ಶೆಗೂ ಸಂಶೋಧನೆಗೂ ಇದರಿಂದ ಧಕ್ಕೆಯಾಗಬಾರದೆಂದು ಎಚ್ಚರಿಸಿದರು. ಉದ್ದೇಶಪೂರ್ವಕ ಮತ್ತು ದುರುದ್ದೇಶದ ನಿಂದೆ ಮಾತ್ರ ಅಪರಾಧ ಎಂಬ ಮಿತಿ ಕಲಮಿನಲ್ಲಿದೆ. ಕಾನೂನು ಬಂದರೂ ಪ್ರಕಾಶಕರ ಪ್ರಾಣ ಉಳಿಯಲಿಲ್ಲ. 1929ರ ಏಪ್ರಿಲಿನಲ್ಲಿ ಅವರ ಹತ್ಯೆಯಾಯಿತು.

ಈ ಕಲಮು ಸಂವಿಧಾನಬದ್ಧವೆಂದು ಸುಪ್ರೀಂ ಕೋರ್ಟ್ 1957ರಲ್ಲಿ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ ಮುಂದುವರಿದಿದೆ. ಗರಿಷ್ಠ ಶಿಕ್ಷೆ ಮೂರು ವರ್ಷ. ಹಿಂದಿನ ಬ್ರಿಟನ್ನಿನಂತೆ ಇಲ್ಲಿ ಒಂದು ಧರ್ಮಕ್ಕೆ ಮಾತ್ರ ರಕ್ಷಣೆ ಎಂಬ ಭೇದವಿಲ್ಲ. ಎಲ್ಲ ಧರ್ಮದವರಿಗೂ ಠಾಣೆಯ ಬಾಗಿಲು ಸಮಾನವಾಗಿ ತೆರೆದಿದೆ, ಎಲ್ಲರೂ ಅದನ್ನು ಧಾರಾಳವಾಗಿ ತಟ್ಟುತ್ತಾರೆ. ರಶ್ದಿಯವರ ಪುಸ್ತಕದ ಆಮದನ್ನು ಭಾರತ ನಿಷೇಧಿಸಿದ್ದು 1988ರ ಅಕ್ಟೋಬರ್ 5ರಂದು, ಖೊಮೇನಿಯವರ ಕರೆಗೆ ನಾಲ್ಕು ತಿಂಗಳು ಮೊದಲೇ.

ಕರ್ನಾಟಕದ ಮೂರು ಗಲಭೆಗಳು

1986ರ ಡಿಸೆಂಬರ್ 7ರ ಭಾನುವಾರ ಬೆಂಗಳೂರಿನ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಪುರವಣಿಯಲ್ಲಿ ಮಲಯಾಳದಿಂದ ಅನುವಾದಗೊಂಡ ಸಣ್ಣಕಥೆಯೊಂದು ಅಚ್ಚಾಯಿತು. ಕಥೆಯಲ್ಲಿರುವುದು ಬುದ್ಧಿ ಬಲಿಯದ ಹುಡುಗನೊಬ್ಬ, ಅವನ ಹೆಸರು ಮಹಮ್ಮದ್. ಕಥೆಗೂ ಪ್ರವಾದಿಯವರಿಗೂ ಸಂಬಂಧವಿರಲಿಲ್ಲ. ಆದರೆ ಶೀರ್ಷಿಕೆಯಲ್ಲಿ ಆ ಹೆಸರಿನ ಪಕ್ಕದಲ್ಲಿ ಮೂರ್ಖ ಎಂಬ ಅರ್ಥದ ಪದವಿತ್ತು. ಪತ್ರಿಕೆ ಕ್ಷಮೆ ಕೇಳಿತು. ಗಲಭೆಯಲ್ಲಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು.

2010ರ ಮಾರ್ಚ್ 1ರಂದು ಶಿವಮೊಗ್ಗ ಮತ್ತು ಹಾಸನದಲ್ಲಿ ಗಲಭೆ ಎದ್ದಿತು. ಬುರ್ಖಾ ಕುರಿತು ಬಾಂಗ್ಲಾದೇಶದ ಲೇಖಕಿ ತಸ್ಲಿಮಾ ನಸ್ರೀನ್ ಅವರ ಹೆಸರಿನಲ್ಲಿ ಕನ್ನಡಪ್ರಭದಲ್ಲಿ ಬಂದ ಅನುವಾದಿತ ಲೇಖನ ಅದಕ್ಕೆ ಕಾರಣ. ಶಿವಮೊಗ್ಗದಲ್ಲಿ ಇಬ್ಬರು ಸತ್ತರು. ತಾವು ಕರ್ನಾಟಕದ ಯಾವ ಪತ್ರಿಕೆಗೂ ಲೇಖನ ಬರೆದಿಲ್ಲವೆಂದು ತಸ್ಲಿಮಾ ಸ್ಪಷ್ಟಪಡಿಸಿದರು. ಈ ಎರಡೂ ಪ್ರಕರಣಗಳ ಮೂಲದಲ್ಲಿ ಅನುವಾದವಿದೆ. ಒಂದು ಭಾಷೆಯಲ್ಲಿ ಸುಮ್ಮನೆ ಓದಿಸಿಕೊಂಡ ಮಾತು ಇನ್ನೊಂದು ಭಾಷೆಗೆ ದಾಟಿದಾಗ ಬೇರೆಯ ಓದುಗರ ಕೈಗೆ ಸಿಗುತ್ತದೆ. ಆ ಓದುಗರು ಯಾರೆಂದು ಪುರವಣಿಯ ಮೇಜಿನಲ್ಲಿ ಕುಳಿತವರು ಯೋಚಿಸಿರುವುದಿಲ್ಲ.

ಮೂರನೆಯದಕ್ಕೆ ಸಂಪಾದಕನೂ ಬೇಕಾಗಲಿಲ್ಲ. 2020ರ ಆಗಸ್ಟ್ 11ರ ರಾತ್ರಿ ಫೇಸ್‌ಬುಕ್ಕಿನ ಒಂದು ಬರಹದಿಂದ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಶಾಸಕರೊಬ್ಬರ ಮನೆಗೂ ಪೊಲೀಸ್ ಠಾಣೆಗೂ ಬೆಂಕಿ ಬಿದ್ದಿತು. ಗೋಲಿಬಾರಿನಲ್ಲಿ ಮೂವರು ಸತ್ತರು. ಅದೇ ರಾತ್ರಿ ಮುಸ್ಲಿಂ ಯುವಕರು ಕೈಕೈ ಹಿಡಿದು ದೇವಸ್ಥಾನವೊಂದರ ಸುತ್ತ ಸರಪಳಿಯಾಗಿ ನಿಂತು ಅದನ್ನು ಕಾಯ್ದರು.

ಇತರ ಸಮುದಾಯಗಳ ಮಾತು

ಧಾರ್ಮಿಕ ಭಾವನೆಯ ಹೆಸರಿನಲ್ಲಿ ಬರಹಕ್ಕೆ ಬೇಲಿ ಹಾಕುವುದು ಒಂದೇ ಸಮುದಾಯದ ಕೆಲಸವಲ್ಲ. ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಯರಗಲ್ಲ ಗ್ರಾಮದಲ್ಲಿ ಹುಟ್ಟಿದ ಸಂಶೋಧಕ ಎಂ. ಎಂ. ಕಲಬುರ್ಗಿ ಅವರು 1989ರಲ್ಲಿ ‘ಮಾರ್ಗ’ ಸಂಪುಟದ ಲೇಖನಗಳಿಗಾಗಿ ಸ್ವಸಮುದಾಯದ ಕೋಪಕ್ಕೆ ಗುರಿಯಾಗಿ, ತಮ್ಮ ಬರಹವನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದನ್ನು ಅವರು ಬೌದ್ಧಿಕ ಆತ್ಮಹತ್ಯೆ ಎಂದು ಕರೆದುಕೊಂಡರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಆದಿಲ್‌ಶಾಹಿ ಕಾಲದ ಪಾರಸಿ, ಅರಬ್ಬಿ ಮತ್ತು ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರುವ ಯೋಜನೆಗೆ ದಾರಿ ತೋರಿದವರೂ ಅವರೇ. ಆ ಸಂಪುಟಗಳು ವಿಜಯಪುರದ ಫ. ಗು. ಹಳಕಟ್ಟಿ ಸಂಶೋಧನ ಕೇಂದ್ರದಿಂದ ಹೊರಬಂದವು.

ಉಡುಪು ಎಂಬ ಅಭಿವ್ಯಕ್ತಿ

ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಮುಸ್ಲಿಮರು ಸದಾ ಎದುರುಪಕ್ಷ ಎಂಬ ಗ್ರಹಿಕೆಯನ್ನು ಉಡುಪಿಯ ಸರಕಾರಿ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯರು ತಿರುವುಮುರುವು ಮಾಡಿದರು. ತರಗತಿಯಲ್ಲಿ ಹಿಜಾಬ್ ಧರಿಸುವುದು ಧರ್ಮಾಚರಣೆಯಷ್ಟೇ ಅಲ್ಲ, 19(1)(ಎ) ವಿಧಿಯ ಅಭಿವ್ಯಕ್ತಿಯೂ ಹೌದು ಎಂಬುದು ಅವರ ಪರದ ವಾದಗಳಲ್ಲೊಂದು. ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಅರ್ಜಿಗಳನ್ನು ತಿರಸ್ಕರಿಸಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಕ್ಟೋಬರ್ 13ರಂದು ಭಿನ್ನ ತೀರ್ಪುಗಳನ್ನು ಕೊಟ್ಟರು. ಫ್ರಾನ್ಸ್ 2004ರಲ್ಲಿಯೇ ಸರಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧರ್ಮಚಿಹ್ನೆಗಳನ್ನು ನಿಷೇಧಿಸಿತ್ತು. ವ್ಯಂಗ್ಯಚಿತ್ರವನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಕಾಯುವ ದೇಶ ತಲೆವಸ್ತ್ರವನ್ನು ಏಕೆ ಕಾಯುವುದಿಲ್ಲ ಎಂಬ ಪ್ರಶ್ನೆಯನ್ನು ಅಲ್ಲಿನ ಮುಸ್ಲಿಮರು ಅಂದಿನಿಂದ ಕೇಳುತ್ತ ಬಂದಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಒಳಗಿನ ದನಿಗಳು

ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಬೆಲೆ ತೆತ್ತವರು ಸಮುದಾಯದ ಒಳಗಿದ್ದುಕೊಂಡು ಬರೆದವರು. ಹೊರಗಿನವನ ಟೀಕೆಯನ್ನು ವೈರಿಯ ಮಾತೆಂದು ತಳ್ಳಿಹಾಕಬಹುದು. ಮನೆಯ ಮಗಳು ಆಡಿದ ಮಾತನ್ನು ಹಾಗೆ ತಳ್ಳಲಾಗದು.

1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು 1981ರಲ್ಲಿ ಲಂಕೇಶ್ ಪತ್ರಿಕೆಯ ಮೂಲಕ ಬರವಣಿಗೆಗೆ ಬಂದರು. ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾಯಕಿ ನಾದಿರಾ. ತಂದೆಯ ಹಟಕ್ಕಾಗಿ ಅವಳಿಗೆ ತಲಾಖ್ ಆಗುತ್ತದೆ. ಮತ್ತೆ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟಳೆ ಎದುರು ನಿಲ್ಲುತ್ತದೆ. ಕಾದಂಬರಿಯಲ್ಲಿ ಧರ್ಮದ ನಿಂದೆಯಿಲ್ಲ, ಅದರ ಹೆಸರಿನಲ್ಲಿ ಗಂಡಸರು ನಡೆಸುವ ಲೆಕ್ಕಾಚಾರ ಮಾತ್ರ ಇದೆ. ಅಷ್ಟಕ್ಕೇ 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯಲ್ಲಿ ಅವರ ಮೇಲೆ ದಾಳಿಯ ಯತ್ನ ನಡೆಯಿತು. ಸಾರಾ ಬರೆಯುವುದನ್ನು ನಿಲ್ಲಿಸಲಿಲ್ಲ, ಧರ್ಮವನ್ನೂ ತೊರೆಯಲಿಲ್ಲ. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಪುತ್ತೂರು ಸೀಮೆಯವರೇ ಆದ ಬೊಳುವಾರು ಮಹಮದ್ ಕುಂಞಿ ಅವರ ದಾರಿ ಬೇರೆ. ‘ಸ್ವಾತಂತ್ರ್ಯದ ಓಟ’ ಕಾದಂಬರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಇವರು ‘ಓದಿರಿ’ ಎಂಬ ಕಾದಂಬರಿಯಲ್ಲಿ ಪ್ರವಾದಿಯವರ ಬದುಕನ್ನೇ ವಸ್ತುವಾಗಿಸಿಕೊಂಡರು. ಕುರಾನಿನ ಅವತರಣ ಆರಂಭವಾದ ಮೊದಲ ಪದದ ಅರ್ಥವೇ ಆ ಶೀರ್ಷಿಕೆ. ಯಾವುದನ್ನು ಮುಟ್ಟಬಾರದೆಂದು ಬ್ರಿಟನ್ನಿನಲ್ಲಿ ಕೂಗೆದ್ದಿತೋ ಅದನ್ನು ಕನ್ನಡದ ಲೇಖಕರೊಬ್ಬರು ಭಕ್ತಿಯಿಂದಲೇ ಮುಟ್ಟಿದರು.

ಹಾಸನದ ವಕೀಲೆ, ಕಥೆಗಾರ್ತಿ ಬಾನು ಮುಷ್ತಾಕ್ ಅವರು 2000ದಲ್ಲಿ ಮಸೀದಿಯಲ್ಲಿ ನಮಾಜು ಮಾಡುವ ಹಕ್ಕು ಹೆಂಗಸರಿಗೂ ಇದೆ ಎಂದು ಹೇಳಿದರು. ಅವರ ಕುಟುಂಬಕ್ಕೆ ತಿಂಗಳುಗಟ್ಟಲೆ ಸಾಮಾಜಿಕ ಬಹಿಷ್ಕಾರ ಬಿದ್ದಿತು, ಬೆದರಿಕೆಯ ಕರೆಗಳು ಬಂದವು. ಒಬ್ಬನು ಚಾಕು ಹಿಡಿದು ಮೇಲೆ ಬಿದ್ದಾಗ ಅವರ ಪತಿ ಅವನನ್ನು ತಡೆದರು. 2025ರ ಮೇ 20ರಂದು ಅವರ ಹನ್ನೆರಡು ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಆ ಗೌರವ ಕನ್ನಡಕ್ಕೆ ಬಂದದ್ದು ಅದೇ ಮೊದಲು.

ಅದೇ ವರ್ಷ ಮೈಸೂರು ದಸರಾವನ್ನು ಉದ್ಘಾಟಿಸಲು ಸರಕಾರ ಅವರನ್ನು ಆಹ್ವಾನಿಸಿತು. ಈ ಸಲ ಆಕ್ಷೇಪ ಬಂದದ್ದು ಇನ್ನೊಂದು ಕಡೆಯಿಂದ. ಮುಸ್ಲಿಂ ಮಹಿಳೆ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಮಾಡಬಾರದು ಎಂದು ಆಕ್ಷೇಪಿಸಿದವರು ಹೇಳಿದರು. ಕನ್ನಡವನ್ನು ಭುವನೇಶ್ವರಿಯಾಗಿ ಕಾಣುವುದರ ಕುರಿತು ಬಾನು ಅವರು 2023ರಲ್ಲಿ ಆಡಿದ ಮಾತನ್ನೂ ಎತ್ತಿ ತೋರಿಸಿದರು. ಆಹ್ವಾನವನ್ನು ಪ್ರಶ್ನಿಸಿದ ಅರ್ಜಿಗಳನ್ನು ಹೈಕೋರ್ಟ್ ಸೆಪ್ಟೆಂಬರ್ 15ರಂದು ವಜಾ ಮಾಡಿತು, ಸುಪ್ರೀಂ ಕೋರ್ಟ್ 19ರಂದು. 22ರಂದು ಬಾನು ಮುಷ್ತಾಕ್ ಅವರು ಚಾಮುಂಡಿ ಬೆಟ್ಟದಲ್ಲಿ ದೇವಿಗೆ ಹೂವು ಅರ್ಪಿಸಿ ದಸರಾವನ್ನು ಉದ್ಘಾಟಿಸಿದರು.